ಹೆಸರು ಹಾಕಿಲ್ಲ, ಆದರೂ ಊರಿಗೆಲ್ಲ ಗೊತ್ತು: ಮಾನನಷ್ಟ, ಖಾಸಗಿತನದ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ವರದಿಗಾರನಾಗಿ ಹಲವು ವರ್ಷ ಓಡಾಡಿದವನು ನಾನು, ವಕೀಲನಲ್ಲ. ಆದರೂ ನೋಟಿಸ್ ಕೈಗೆ ಬಂದ ದಿನ ಹುಡುಗರು ಮೊದಲು ಫೋನ್ ಮಾಡುವುದು ನನಗೇ. ಬರೆಯುವ ಮೊದಲು ಕೇಳುವವರು ತೀರಾ ಕಡಿಮೆ. ಸ್ಥಳೀಯ ಪತ್ರಿಕೆಗೆ ಬರೆಯುವವರು, ಯೂಟ್ಯೂಬ್ ಚಾನೆಲ್ ಇಟ್ಟುಕೊಂಡವರು, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗಳು, ಸುದ್ದಿಯಲ್ಲಿ ಸಿಕ್ಕಿಹಾಕಿಕೊಂಡವರು, ಎಲ್ಲರೂ ಕೇಳಿದ್ದನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನೋಟಿಸ್ ಈಗಾಗಲೇ ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರ ಹತ್ತಿರ ಹೋಗಿ.

ಹೆಸರು ಹಾಕದೆ ಬರೆದರೆ ಕೇಸ್ ನಿಲ್ಲಲ್ಲ ಅಲ್ವಾ ಸಾರ್?

ನಿಲ್ಲುತ್ತದೆ. ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ, ಅದಕ್ಕೇ ಮೊದಲು ಇಟ್ಟಿದ್ದೇನೆ. ಹೆಸರು ಅಚ್ಚಾಗಿದೆಯೋ ಇಲ್ಲವೋ ಎಂಬುದನ್ನು ಕಾನೂನು ನೋಡುವುದಿಲ್ಲ. ಓದಿದವರಿಗೆ ಇಂಥವರೇ ಎಂದು ತಿಳಿಯಿತೇ ಎಂಬುದನ್ನು ನೋಡುತ್ತದೆ. ಬೆಂಗಳೂರಿನಲ್ಲಿ "ಜಯನಗರದ ವೈದ್ಯರೊಬ್ಬರು" ಎಂದರೆ ನೂರಾರು ಜನ. ಇಲ್ಲಿ "ಸಿದ್ದಾಪುರ ರಸ್ತೆಯಲ್ಲಿ ಹೋಂಸ್ಟೇ ನಡೆಸುವ, ಹಿಂದೆ ಸೇನೆಯಲ್ಲಿದ್ದ, ಕಳೆದ ಬಾರಿ ಪಂಚಾಯಿತಿ ಚುನಾವಣೆಯಲ್ಲಿ ಸೋತ ಬೆಳೆಗಾರರೊಬ್ಬರು" ಎಂದು ಬರೆದಿರೋ, ಮನೆಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಂತಾಯಿತು. ಸಂತೆಗೆ ಬಂದವರು ಎರಡನೇ ಸಾಲಿಗೇ ಹೆಸರು ಹೇಳಿಬಿಡುತ್ತಾರೆ. ಯಾರ ಐನ್‌ಮನೆ (ಕುಲದ ಮೂಲಮನೆ) ಎಲ್ಲಿದೆ, ಯಾರ ತೋಟ ಯಾರಿಗೆ ಮಾರಾಟವಾಯಿತು ಎಂಬುದು ಬಾಯಿಪಾಠವಾಗಿರುವ ಜಿಲ್ಲೆ ಇದು. ಓದುಗರಲ್ಲಿ ನಾಲ್ಕು ಜನಕ್ಕೆ ಗುರುತು ಸಿಕ್ಕಿತು ಎಂದು ಸಾಕ್ಷಿ ಸಿಕ್ಕರೆ ದೂರುದಾರನಿಗೆ ಅಷ್ಟೇ ಬೇಕಾದದ್ದು.

ಇನ್ನೊಂದು ಅಪಾಯವನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. "ತಾಲ್ಲೂಕು ಕಚೇರಿಯ ಸರ್ವೆಯರ್ ಒಬ್ಬರು ದುಡ್ಡು ಕೇಳಿದರು" ಎಂದು ಬರೆದರೆ, ಅಲ್ಲಿ ಮೂವರು ಸರ್ವೆಯರ್ ಇದ್ದರೆ ಮೂವರ ಮೇಲೂ ಕಣ್ಣು. ಹೆಸರು ಹಾಕಿದ್ದರೆ ಒಬ್ಬನೇ ಕೇಸ್ ಹಾಕುತ್ತಿದ್ದ, ಈಗ ಮೂವರಿಗೂ ಅವಕಾಶ. ಹೆಸರು ಹಾಕುವಷ್ಟು ಆಧಾರ ಕೈಯಲ್ಲಿಲ್ಲ ಎಂದರೆ ಸುಳಿವು ಕೊಡುವಷ್ಟೂ ಇಲ್ಲ ಎಂದೇ ನನ್ನ ಲೆಕ್ಕ.

ಮಾನನಷ್ಟ ಅಂದರೆ ಕಾನೂನಿನ ಪ್ರಕಾರ ಏನು?

ಒಬ್ಬರ ಹೆಸರು ಕೆಡುವಂಥ ಆರೋಪವನ್ನು, ಕೆಡಲಿ ಎಂದೋ ಅಥವಾ ಕೆಡುತ್ತದೆ ಎಂದು ಗೊತ್ತಿದ್ದೋ, ಮೂರನೆಯವರಿಗೆ ತಲುಪಿಸುವುದು. ಮಾತು, ಬರಹ, ಸನ್ನೆ, ಚಿತ್ರ, ಯಾವುದಾದರೂ ಆಗಬಹುದು. ಅವರಿಗೊಬ್ಬರಿಗೇ ಬೈದು ಕಳಿಸಿದ ಮೆಸೇಜ್ ಮಾನನಷ್ಟವಲ್ಲ. ಅದನ್ನೇ ಗುಂಪಿಗೆ ಹಾಕಿದರೆ ಹೌದು.

ದಾರಿ ಎರಡಿವೆ. ಒಂದು ಕ್ರಿಮಿನಲ್: ಹಿಂದೆ ಭಾರತೀಯ ದಂಡ ಸಂಹಿತೆಯ 499, 500ನೇ ಸೆಕ್ಷನ್‌ಗಳು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. 2 ವರ್ಷದವರೆಗೆ ಸಾದಾ ಸೆರೆ, ದಂಡ, ಅಥವಾ ಎರಡೂ. ಹೊಸದಾಗಿ ಸಮುದಾಯ ಸೇವೆಯೂ ಸೇರಿದೆ. ಇನ್ನೊಂದು ಸಿವಿಲ್ ದಾವೆ: ಜೈಲಿಲ್ಲ, ಪರಿಹಾರದ ಹಣ. ಎರಡನ್ನೂ ಒಟ್ಟಿಗೆ ಹಾಕಬಹುದು. ಮಾತಿಗೆ ಜೈಲೇ ಎಂದು ಪ್ರಶ್ನಿಸಿ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ, ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ, ಒಪ್ಪಲಿಲ್ಲ. ಆ ತೀರ್ಪು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಕಾನೂನು ಅದೇ.

ನಿಜ ಬರೆದರೆ ಯಾರೂ ಏನೂ ಮಾಡೋಕಾಗಲ್ಲ ಅಂತಾರಲ್ಲ?

ಅರ್ಧ ಸರಿ. ಸಿವಿಲ್ ದಾವೆಯಲ್ಲಿ ಬರೆದದ್ದು ಸತ್ಯವೆಂದು ರುಜುವಾತು ಮಾಡಿದರೆ ಸಾಕು. ಕ್ರಿಮಿನಲ್‌ನಲ್ಲಿ ಸತ್ಯವೂ ಆಗಿರಬೇಕು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಸಹಕಾರ ಸಂಘದ ಕಾರ್ಯದರ್ಶಿ ಸಂಘದ ಹಣ ನುಂಗಿದ್ದು ನಿಜವಾಗಿದ್ದರೆ ಬರೆಯಿರಿ. ಅವನ ಸಂಸಾರ ಮುರಿದದ್ದೂ ನಿಜವೇ ಇರಬಹುದು, ಆದರೆ ಅದರಿಂದ ಸಂಘದ ಸದಸ್ಯನಿಗೆ ಆಗಬೇಕಾದದ್ದೇನು?

ಇನ್ನು ರುಜುವಾತಿನ ಹೊರೆ ಬರೆದವನ ತಲೆ ಮೇಲೆ. "ಎಲ್ಲರೂ ಹೇಳ್ತಾರೆ" ಎಂಬ ಸಾಕ್ಷಿ ಕಟಕಟೆ ಹತ್ತುವುದಿಲ್ಲ. ಹೇಳಿದವರೆಲ್ಲ ಸಮನ್ಸ್ ಬಂದ ದಿನ ಮೈಸೂರಿಗೆ ಹೋಗಿರುತ್ತಾರೆ.

ನನ್ನ ಬಗ್ಗೆ ಸುಳ್ಳು ಬರೆದಿದ್ದಾರೆ. ಸ್ಟೇಷನ್‌ಗೆ ಹೋದರೆ ಕೋರ್ಟಿಗೆ ಹೋಗಿ ಅಂತ ಕಳಿಸಿದರು. ಸರೀನಾ?

ಸರಿಯೇ. ಮಾನನಷ್ಟ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ಹಿಡಿಯುವ ಅಪರಾಧವಲ್ಲ, ಜಾಮೀನು ಸಿಗುವಂಥದ್ದು. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ನಿಮ್ಮ ವ್ಯಾಪ್ತಿಗೆ ಯಾವ ಕೋರ್ಟೋ ಅಲ್ಲಿ. ಕ್ರಿಮಿನಲ್ ಕೇಸ್ ನಡೆಸುವ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಮ್ಯಾಜಿಸ್ಟ್ರೇಟರು ಪ್ರಕರಣ ಕೈಗೆತ್ತಿಕೊಳ್ಳುವ ಮುನ್ನ ಎದುರಾಳಿಯ ಮಾತನ್ನೂ ಕೇಳಬೇಕು. ಬರೆಯುವವರ ಪಾಲಿಗೆ ಇದು ಒಳ್ಳೆಯ ಬದಲಾವಣೆ. ಮೊದಲೆಲ್ಲ ಸಮನ್ಸ್ ಕೈಗೆ ಬಂದಾಗಲೇ ಕೇಸ್ ಇರುವುದು ಗೊತ್ತಾಗುತ್ತಿತ್ತು.

ಗಡುವು ಮರೆಯಬೇಡಿ. ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ 1 ವರ್ಷ, ಕ್ರಿಮಿನಲ್ ದೂರಿಗೆ 3 ವರ್ಷ. ರಾಜಿ ಮಾತುಕತೆ ಎಂದು ಹಿರಿಯರ ಮನೆಗೆ ಅಲೆದು ಆ 1 ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ.

ಪೊಲೀಸರು ಕೊಟ್ಟ ಪ್ರಕಟಣೆಯನ್ನೇ ಹಾಕಿದ್ದೇವೆ. ನಮ್ಮ ತಪ್ಪೇನು?

ಇದಕ್ಕೆ ನನ್ನ ಕಥೆಯನ್ನೇ ಹೇಳಬೇಕು. ಕೊಯ್ಲಿನ ಸಮಯ. ಒಂದು ತೋಟದ ಕಣದಿಂದ ಒಣಗಿದ ಕಾಫಿ ಮೂಟೆಗಳು ಹೋದವು. ಲೈನ್ ಮನೆಯ ಒಬ್ಬ ಕೆಲಸಗಾರನನ್ನು ಹಿಡಿದರು. ಸ್ಟೇಷನ್‌ನಿಂದ ಬಂದ ಮೂರು ಸಾಲನ್ನು ಇಟ್ಟುಕೊಂಡು ನಾನು "ಕಾಫಿ ಕಳ್ಳನ ಬಂಧನ" ಎಂದು ತಲೆಬರಹ ಕೊಟ್ಟೆ. ಕೆಳಗೆ ಹೆಸರು, ಊರು, ತೋಟ ಎಲ್ಲವೂ. ವಾರ ಕಳೆದ ಮೇಲೆ ಮೂಟೆ ಸಾಗಿಸಿದವರು ಬೇರೆಯೇ ಎಂದು ಗೊತ್ತಾಗಿ ಅವನನ್ನು ಬಿಟ್ಟರು. ಆ ಸುದ್ದಿ ನಮಗೆ ಯಾರೂ ಕಳಿಸಲಿಲ್ಲ, ನಾವೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅವನೇ ಬಂದ. ಗೊಬ್ಬರದ ಚೀಲದ ಒಳಪದರದ ಪ್ಲಾಸ್ಟಿಕ್‌ನಲ್ಲಿ ಪತ್ರಿಕೆಯ ತುಂಡನ್ನು ಮಡಿಸಿ ಇಟ್ಟಿದ್ದ, ಮಳೆಗೆ ನೆನೆಯಬಾರದೆಂದು. ಜಗಳ ಆಡಲಿಲ್ಲ. "ಅಂಗಡೀಲಿ ಅಕ್ಕಿ ಸಾಲ ಕೊಡ್ತಿಲ್ಲ ಸಾರ್, ಈ ಪೇಪರ್ ತೋರಿಸ್ತಾರೆ" ಎಂದಷ್ಟೇ ಅಂದ.

ಅವನು ಕೋರ್ಟಿಗೆ ಹೋಗಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನ್ಯಾಯಾಲಯದ ಕಲಾಪವನ್ನು ಇದ್ದದ್ದು ಇದ್ದಂತೆ ವರದಿ ಮಾಡಿದರೆ ಕಾನೂನೇ ರಕ್ಷಣೆ ಕೊಡುತ್ತದೆ. ಮಾನನಷ್ಟದ ಸೆಕ್ಷನ್‌ನಲ್ಲಿರುವ ಹತ್ತು ವಿನಾಯಿತಿಗಳಲ್ಲಿ ಅದೂ ಒಂದು. ಪೊಲೀಸ್ ಪ್ರಕಟಣೆ ನ್ಯಾಯಾಲಯದ ಕಲಾಪವಲ್ಲ. ಸದ್ಭಾವನೆಯಿಂದ ಬರೆದೆ ಎನ್ನಬಹುದು, ಆದರೆ ಕಾನೂನಿನ ಭಾಷೆಯಲ್ಲಿ ಸದ್ಭಾವನೆ ಎಂದರೆ ಮನಸ್ಸು ಒಳ್ಳೆಯದಿತ್ತು ಎಂದಲ್ಲ, ತಕ್ಕ ಎಚ್ಚರ ವಹಿಸಿದ್ದೆ ಎಂದು. "ಬಂಧನ" ಎಂಬುದು ಪೊಲೀಸರ ಮಾತು. "ಕಳ್ಳ" ಎಂಬುದು ನನ್ನದು. ತನಿಖೆ ಮುಗಿಯುವ ಮೊದಲೇ ತೀರ್ಪು ಕೊಟ್ಟವನು ನಾನು. ಮರುದಿನ ಸ್ಪಷ್ಟನೆ ಹಾಕಿದೆವು, ಒಳಪುಟದಲ್ಲಿ, ನಾಲ್ಕು ಸಾಲು. ಆರೋಪ ಬಂದದ್ದು ಮುಖಪುಟದಲ್ಲಿ. ಈಗಿನ ಹುಡುಗರಿಗೆ ಹೇಳುವುದು ಇದನ್ನೇ: ತಪ್ಪು ಎಷ್ಟು ದೊಡ್ಡ ಅಕ್ಷರದಲ್ಲಿ ಬಂದಿತ್ತೋ ತಿದ್ದುಪಡಿಯನ್ನೂ ಅಷ್ಟೇ ದೊಡ್ಡದಾಗಿ ಹಾಕಿ. ಬೇಗ ಹಾಕಿದ ಸ್ಪಷ್ಟನೆ ಕೇಸನ್ನು ಅಳಿಸುವುದಿಲ್ಲ, ಆದರೆ ಪರಿಹಾರವನ್ನು ತಗ್ಗಿಸುತ್ತದೆ, ಎಷ್ಟೋ ಸಲ ರಾಜಿಗೆ ದಾರಿಯಾಗುತ್ತದೆ.

ಗ್ರಾಮಸಭೆಯಲ್ಲಿ ಸದಸ್ಯರೇ ಆಡಿದ ಮಾತನ್ನು ವರದಿ ಮಾಡಿದರೆ?

ಎಚ್ಚರ. ಸಂಸತ್ತು, ವಿಧಾನಸಭೆ, ವಿಧಾನಪರಿಷತ್ತಿನ ಕಲಾಪವನ್ನು ದುರುದ್ದೇಶವಿಲ್ಲದೆ, ಸಾರಾಂಶದಲ್ಲಿ ನಿಜವಾಗಿ ವರದಿ ಮಾಡುವವರಿಗೆ ಸಂವಿಧಾನದ 361ಎ ವಿಧಿಯ ರಕ್ಷಣೆ ಇದೆ. ಆ ಪಟ್ಟಿಯಲ್ಲಿ ಗ್ರಾಮಸಭೆ ಇಲ್ಲ, ಪಟ್ಟಣ ಪಂಚಾಯಿತಿ ಇಲ್ಲ, ಅಭಿವೃದ್ಧಿ ಕೆಲಸಗಳ ಪರಿಶೀಲನೆಯ ಕೆಡಿಪಿ ಸಭೆಯೂ ಇಲ್ಲ. ನಮ್ಮ ದಿನನಿತ್ಯದ ವರದಿ ಇರುವುದೇ ಅಲ್ಲಿ! ಹಾಗಾಗಿ ಅಲ್ಲಿ ಆಡಿದ ಮಾತಿಗೆ ಸಾರ್ವಜನಿಕ ಹಿತ, ಸದ್ಭಾವನೆಯ ವಿನಾಯಿತಿಗಳನ್ನೇ ನೆಚ್ಚಬೇಕು. ಆರೋಪ ಹೊತ್ತವರಿಗೆ ಫೋನ್ ಮಾಡಿ, ಅವರ ಮಾತನ್ನೂ ಅದೇ ವರದಿಯಲ್ಲಿ ಹಾಕಿ. ಎತ್ತಲಿಲ್ಲವೇ, ಎಷ್ಟು ಗಂಟೆಗೆ ಮಾಡಿದ್ದೆ ಎಂದು ಡೈರಿಯಲ್ಲಿ ಬರೆದಿಡಿ.

ಶಾಸಕರ ಬಗ್ಗೆ ಬರೆಯುವವರಿಗೆ ಮಾನನಷ್ಟವಲ್ಲದೆ ಹಕ್ಕುಚ್ಯುತಿ (ಸದನದ ವಿಶೇಷ ಹಕ್ಕಿಗೆ ಧಕ್ಕೆ) ಎಂಬ ಇನ್ನೊಂದು ಕತ್ತಿಯೂ ಇದೆ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಇಬ್ಬರು ಪತ್ರಕರ್ತರಿಗೆ ತಲಾ 1 ವರ್ಷ ಜೈಲು, 10,000 ರೂಪಾಯಿ ದಂಡ ಎಂದು ತೀರ್ಮಾನಿಸಿದ್ದು ನೆನಪಿರಬಹುದು. ದೂರಿದವರೂ ಶಾಸಕರು, ತೀರ್ಮಾನಿಸಿದವರೂ ಅವರೇ.

ನಾನು ಬರೆದಿಲ್ಲ, ಫಾರ್ವರ್ಡ್ ಮಾಡಿದ್ದಷ್ಟೇ. ಅಡ್ಮಿನ್‌ಗೂ ಬರುತ್ತಾ?

"ಬಂದದ್ದನ್ನು ಕಳಿಸಿದೆ" ಎಂಬುದು ರಕ್ಷಣೆಯಲ್ಲ. ಮಾನಹಾನಿಕರ ಟ್ವೀಟನ್ನು ರೀಟ್ವೀಟ್ ಮಾಡಿದರೂ ಮಾನನಷ್ಟ ಆಗಬಹುದು ಎಂದು ದೆಹಲಿ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿತು. ಫಾರ್ವರ್ಡ್‌ಗೂ ಅದೇ ತರ್ಕ.

ಅಡ್ಮಿನ್ ಪಾಡು ಸ್ವಲ್ಪ ಹಗುರ. ಬೇರೆ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೆ ಆ ಪೋಸ್ಟಿಗೆ ಹೆಬ್ಬೆರಳು ತೋರಿಸಿ "ಸರಿಯಾಗಿ ಹೇಳಿದ್ರಿ ಅಣ್ಣ" ಎಂದು ಅಡ್ಮಿನ್ನೇ ಬರೆದಿದ್ದರೆ ಕಥೆ ಬೇರೆಯಾಗಬಹುದು. ಆನೆ ಎಲ್ಲಿದೆ ಎಂದು ತಿಳಿಸಲು ಮಾಡಿದ ಗುಂಪಿನಲ್ಲಿ ಪಕ್ಕದ ತೋಟದವನ ಬೇಲಿ ಜಗಳ ಶುರುವಾದರೆ, ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ ಮಲಗಿ.

ತೀರಿಕೊಂಡವರ ಬಗ್ಗೆ ಕೆಟ್ಟದಾಗಿ ಬರೆದರೆ?

2024ರ ಡಿಸೆಂಬರಿನಲ್ಲಿ ಇದನ್ನು ಕೇಳದವರೇ ಇರಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರನ್ನೂ ಹೀಗಳೆದ ವಾಟ್ಸ್‌ಆ್ಯಪ್ ಬರಹ ಹರಿದಾಡಿ ಕೊಡಗು ಬಂದ್ ಆಗಿತ್ತು. ಕಾನೂನು ಹೀಗಿದೆ: ಆ ವ್ಯಕ್ತಿ ಬದುಕಿದ್ದಿದ್ದರೆ ಅವರ ಹೆಸರು ಕೆಡುವಂತಿತ್ತು, ಜತೆಗೆ ಕುಟುಂಬದವರ, ಹತ್ತಿರದ ಬಂಧುಗಳ ಮನಸ್ಸು ನೋಯಿಸುವ ಉದ್ದೇಶವೂ ಇತ್ತು ಎಂದಾದರೆ ಕ್ರಿಮಿನಲ್ ಮಾನನಷ್ಟ. ದೂರು ಕೊಡಬೇಕಾದವರು ಆ ಬಂಧುಗಳು. ಊರೆಲ್ಲ ನೊಂದಿದ್ದರೂ ಅಭಿಮಾನಿಯೊಬ್ಬ ಈ ಸೆಕ್ಷನ್‌ನಲ್ಲಿ ಗೆಲ್ಲುವುದು ಕಷ್ಟ. ಅದಕ್ಕೇ ಇಂಥ ಪ್ರಕರಣಗಳಲ್ಲಿ ಪೊಲೀಸರು ಬೇರೆ ಸೆಕ್ಷನ್‌ಗಳನ್ನು ಹುಡುಕುತ್ತಾರೆ.

ನಮ್ಮ ಒಕ್ಕದ ಬಗ್ಗೆಯೇ ಬರೆದರೆ ಒಕ್ಕ ಕೇಸ್ ಹಾಕಬಹುದಾ?

ಒಕ್ಕ ಎಂದರೆ ಕೊಡವರ ಕುಲ, ಒಂದೇ ಮನೆಹೆಸರಿನವರ ಕೂಟ. ಸಂಘ, ಕಂಪನಿ, ಜನರ ಕೂಟಕ್ಕೂ ಮಾನವಿದೆ ಎಂದು ಸೆಕ್ಷನ್ ಹೇಳುತ್ತದೆ. ಆದರೆ ಆ ಕೂಟ ಯಾರು ಯಾರು ಎಂದು ನಿಶ್ಚಿತವಾಗಿ ಗುರುತಿಸುವಂತಿರಬೇಕು. 1972ರಲ್ಲೂ, ನಟಿ ಖುಷ್ಬೂ ಪ್ರಕರಣದಲ್ಲಿ 2010ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. "ಬೆಳೆಗಾರರೆಲ್ಲ ತೆರಿಗೆ ಕದಿಯುತ್ತಾರೆ" ಎಂದರೆ ಯಾವ ಬೆಳೆಗಾರನೂ ಕೇಸ್ ಗೆಲ್ಲಲಾರ. ಮೂವತ್ತು ನಲವತ್ತು ಜನರ, ಒಂದೇ ಐನ್‌ಮನೆಯ, ಪಟ್ಟೆದಾರ (ಹಿರಿಯ ಯಜಮಾನ) ಯಾರೆಂದು ಎಲ್ಲರಿಗೂ ಗೊತ್ತಿರುವ ಒಕ್ಕದ ಹೆಸರು ಹಿಡಿದು "ಹಾಕಿ ಹಬ್ಬದ ಹಣ ತಿಂದರು" ಎಂದರೆ ಅದು ನಿಶ್ಚಿತ ಕೂಟವೇ ಎಂದು ವಾದಿಸಲು ಗಟ್ಟಿ ನೆಲೆ ಇದೆ.

ಒಂದು ಉಪನಾಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2019ರಲ್ಲಿ ಕೋಲಾರದ ಭಾಷಣದಲ್ಲಿ ರಾಹುಲ್ ಗಾಂಧಿ ಮೋದಿ ಎಂಬ ಉಪನಾಮದ ಬಗ್ಗೆ ಆಡಿದ ಮಾತಿಗೆ 2023ರ ಮಾರ್ಚ್‌ನಲ್ಲಿ ಸೂರತ್ ನ್ಯಾಯಾಲಯ ಪೂರ್ತಿ 2 ವರ್ಷ ಶಿಕ್ಷೆ ಕೊಟ್ಟಿತು. ಲೋಕಸಭಾ ಸದಸ್ಯತ್ವವೂ ಹೋಯಿತು. ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ದೋಷಿ ಎಂಬ ತೀರ್ಮಾನಕ್ಕೆ ತಡೆ ಕೊಟ್ಟಿತು.

ಯರವ, ಜೇನುಕುರುಬ ಮುಂತಾದ ಪರಿಶಿಷ್ಟ ಪಂಗಡದವರನ್ನು ನಾಲ್ಕು ಜನರ ಎದುರು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ ಅದು ಬರೀ ಮಾನನಷ್ಟವಲ್ಲ, ದೌರ್ಜನ್ಯ ತಡೆ ಕಾಯ್ದೆ. ಅಲ್ಲಿ ಪೊಲೀಸರು ನೇರವಾಗಿ ಕೇಸ್ ಹಾಕುತ್ತಾರೆ.

ಖಾಸಗಿತನ ಅಂತ ಬೇರೆ ಕಾನೂನೇ ಇದೆಯಾ?

ಒಂದೇ ಕಾನೂನು ಎಂದಿಲ್ಲ, ಹಲವು ಕಡೆ ಚದುರಿದೆ. ಬೇರು ಮಾತ್ರ ಸಂವಿಧಾನದ 21ನೇ ವಿಧಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು.

ಪತ್ರಿಕೆಗಳಿಗೆ ಹೆಚ್ಚು ಉಪಯೋಗದ್ದು 1994ರ ರಾಜಗೋಪಾಲ್ ತೀರ್ಪು, ಆಟೋ ಶಂಕರ್ ಪ್ರಕರಣ ಎಂದೇ ಪ್ರಸಿದ್ಧ. ಒಬ್ಬರ ಮನೆ, ಮದುವೆ, ಮಕ್ಕಳು, ಇಂಥ ವಿಷಯವನ್ನು ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ. ಕೋರ್ಟ್ ದಾಖಲೆಯಂಥ ಸಾರ್ವಜನಿಕ ದಾಖಲೆಯಲ್ಲಿ ಬಂದದ್ದನ್ನು ಬರೆಯಬಹುದು, ಲೈಂಗಿಕ ದೌರ್ಜನ್ಯದ ಸಂತ್ರಸ್ತೆಯರ ಗುರುತು ಮಾತ್ರ ಇದಕ್ಕೆ ಹೊರತು. ಸರ್ಕಾರಿ ಅಧಿಕಾರಿ ತನ್ನ ಕೆಲಸದ ಬಗ್ಗೆ ಬರೆದದ್ದಕ್ಕೆ ಸುಲಭವಾಗಿ ಪರಿಹಾರ ಕೇಳುವಂತಿಲ್ಲ. ಸತ್ಯವೋ ಸುಳ್ಳೋ ನೋಡದೆ ಬರೆದಿದ್ದಾರೆ ಎಂದು ಆತ ತೋರಿಸಬೇಕು.

ಬಾಲಕಿಯ ಹೆಸರು ಹಾಕಿರಲಿಲ್ಲ, ಆದರೂ ಪೋಕ್ಸೊ ಕೇಸ್ ಆಗುತ್ತೆ ಅಂತಾರೆ. ಯಾಕೆ?

ಮೊದಲ ಪ್ರಶ್ನೆಗೇ ಮರಳಿ ಬಂದೆವು, ಈ ಸಲ ತಪ್ಪಿನ ಬೆಲೆ ದೊಡ್ಡದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರಷ್ಟನ್ನೇ ತಡೆಯುವುದಿಲ್ಲ. ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹಿಡಿಯಲು ನೆರವಾಗುವ ಬೇರೆ ಯಾವುದೇ ವಿವರ ಎಂದು ಎಣಿಸಿ ಹೇಳಿದೆ. ಈಗ ಇದನ್ನು ನಮ್ಮ ಕಡೆಯ ವರದಿಗೆ ಹಚ್ಚಿ ನೋಡಿ: "ಇಂಥ ಗ್ರಾಮದ ಅಂಗನವಾಡಿ ಕಾರ್ಯಕರ್ತೆಯ ಒಂಬತ್ತನೇ ತರಗತಿಯ ಮಗಳು." ಆ ಊರಲ್ಲಿ ಇರುವುದೇ ಒಂದು ಅಂಗನವಾಡಿ. ಆರೋಪಿ ಮಲತಂದೆ ಎಂದು ಅವನ ಪೂರ್ತಿ ಹೆಸರು ಹಾಕಿದರೆ ಮಗಳ ಹೆಸರು ಬಿಟ್ಟದ್ದು ಯಾವ ಸುಖಕ್ಕೆ? ಮನೆಯ ಮುಂದೆ ನಿಂತು ವಿಡಿಯೊ ಮಾಡಿ ಮುಖ ಮಸುಕು ಮಾಡುತ್ತಾರೆ. ಹಿಂದಿನ ಹಂಚಿನ ಮನೆ, ಗೇಟು, ಪಕ್ಕದ ತೋಡು ಎಲ್ಲ ಸ್ಪಷ್ಟ.

ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದೆ 1 ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ವರದಿಗಾರನ ಜತೆ ಪ್ರಕಾಶಕ, ಮಾಲೀಕರೂ ಹೊಣೆ. ವಯಸ್ಕ ಅತ್ಯಾಚಾರ ಸಂತ್ರಸ್ತೆಯರಿಗೆ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಸತ್ತ ಮೇಲೂ ಹೆಸರು ಹಾಕುವಂತಿಲ್ಲ ಎಂದು 2018ರ ನಿಪುಣ್ ಸಕ್ಸೇನಾ ತೀರ್ಪು ಹೇಳುತ್ತದೆ. ನಾನಾದರೆ ತಾಲ್ಲೂಕಿನ ಹೆಸರಿಗೇ ನಿಲ್ಲಿಸುತ್ತೇನೆ. ಸಂಪಾದಕರು "ಊರು ಎಲ್ಲಿ?" ಎಂದು ಕೇಳಿದರೆ ಈ ಸೆಕ್ಷನ್ ತೋರಿಸಿ.

ಹೋಂಸ್ಟೇ ರೂಮಿನಲ್ಲಿ ಕ್ಯಾಮೆರಾ ಇದೆ ಅಂತ ಅನುಮಾನ. ರಿವ್ಯೂನಲ್ಲಿ ಬರೆಯಲಾ?

ಬರೆಯುವ ಮೊದಲು ಪೊಲೀಸರಿಗೆ ಹೇಳಿ. ಮಹಿಳೆಯ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ನ್ಯಾಯ ಸಂಹಿತೆಯ 77ನೇ ಸೆಕ್ಷನ್. ಮೊದಲ ಸಲವೇ 1ರಿಂದ 3 ವರ್ಷ. ಗಂಡು ಹೆಣ್ಣು ಯಾರದೇ ಗುಪ್ತಾಂಗದ ಚಿತ್ರ ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ. ಚಿತ್ರ ಈಗಾಗಲೇ ಹರಿದಾಡುತ್ತಿದ್ದರೆ ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಕೂಡಲೇ ದೂರು ಕೊಡಿ. ಇಂಥ ಚಿತ್ರ ಅಳಿಸಲು ಅವರಿಗಿರುವ ಗಡುವು ಗಂಟೆಗಳ ಲೆಕ್ಕದ್ದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ.

ರಿವ್ಯೂ ವಿಷಯ: "ಬಿಸಿನೀರು ಬರಲಿಲ್ಲ, ಪಂದಿಕರಿ ಹಳಸಿತ್ತು" ನಿಮ್ಮ ಅನುಭವ, ಧೈರ್ಯವಾಗಿ ಬರೆಯಿರಿ. "ಕ್ಯಾಮೆರಾ ಇಟ್ಟಿದ್ದಾರೆ" ಎಂಬುದು ಅಪರಾಧದ ಆರೋಪ, ಸಾಬೀತು ಮಾಡಬೇಕಾಗುತ್ತದೆ.

ತೋಟಕ್ಕೆ ಹೊರಗಿನಿಂದ ಬಂದ ಕೆಲಸಗಾರರ ಆಧಾರ್ ಪ್ರತಿ ಗುಂಪಿಗೆ ಹಾಕಿ "ಇವರನ್ನು ಗಮನಿಸಿ" ಅನ್ನೋದು ತಪ್ಪಾ?

ತಪ್ಪು. ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಆಧಾರ್ ಸಂಖ್ಯೆಯನ್ನು ಹೀಗೆ ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ. ಜತೆಗೆ "ಇವರು ಕಳ್ಳರು" ಎಂಬ ಸಾಲು ಸೇರಿಸಿದರೆ ಮಾನನಷ್ಟವೂ ಬಂತು. ಅನುಮಾನ ಇದ್ದರೆ ಪ್ರತಿಯನ್ನು ಠಾಣೆಗೆ ಕೊಡಿ.

ದುರಂತದ ಜಾಗದಲ್ಲಿ ಫೋಟೊ ತೆಗೆಯಬಹುದಾ?

ಸಾರ್ವಜನಿಕ ಜಾಗದಲ್ಲಿ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ದುಃಖದಲ್ಲಿದ್ದವರ ಮೇಲೆ ಕ್ಯಾಮೆರಾ ನುಗ್ಗಿಸಬಾರದೆಂಬುದು ಪತ್ರಿಕಾಧರ್ಮ. 2018ರ ಆಗಸ್ಟ್‌ನ ಭೂಕುಸಿತದ ಹೊತ್ತಿಗೆ ಪರಿಹಾರ ಕೇಂದ್ರದಲ್ಲಿ ಒಬ್ಬ ಹೆಂಗಸು ಕ್ಯಾಮೆರಾ ಕಂಡಾಗಲೆಲ್ಲ ತಟ್ಟೆಯನ್ನು ಮುಖಕ್ಕೆ ಹಿಡಿಯುತ್ತಿದ್ದರು. ಊಟದ ಸಾಲಿನಲ್ಲಿ ನಿಂತದ್ದು ನೆಂಟರಿಗೆ ಕಾಣಬಾರದೆಂದು. ಆ ಫೋಟೊ ನನ್ನ ಹತ್ತಿರ ಇದೆ; ಹಾಕಿಲ್ಲ.

ಪತ್ರಿಕೆಯ ವಿರುದ್ಧ ಕೋರ್ಟಲ್ಲದೆ ಬೇರೆ ದಾರಿ?

ಮೊದಲು ಸಂಪಾದಕರಿಗೆ ಬರೆಯಿರಿ. ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿ. ದಿನಪತ್ರಿಕೆ, ವಾರಪತ್ರಿಕೆಗಾದರೆ 2 ತಿಂಗಳೊಳಗೆ. ಮಂಡಳಿ ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ಟಿವಿ, ಯೂಟ್ಯೂಬ್ ಅದರ ವ್ಯಾಪ್ತಿಗೆ ಬರುವುದಿಲ್ಲ.

ಖುಲಾಸೆ ಆಗಿ ಎಷ್ಟೋ ವರ್ಷವಾಯಿತು, ಹೆಸರು ಹುಡುಕಿದರೆ ಹಳೇ ಸುದ್ದಿಯೇ ಬರುತ್ತೆ. ತೆಗೆಸಬಹುದಾ?

ಪ್ರಯತ್ನಿಸಬಹುದು. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ತಂದೆಯೊಬ್ಬರ ಅರ್ಜಿಯ ಮೇಲೆ, ಅವರ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕೋರ್ಟ್ ಆದೇಶದ ಮೂಲಕ ಸಿಗದಂತೆ ನೋಡಿಕೊಳ್ಳಲು ತನ್ನದೇ ಕಚೇರಿಗೆ ಸೂಚಿಸಿತ್ತು. ಎಲ್ಲರಿಗೂ ಹೀಗೇ ಸಿಗುತ್ತದೆ ಎಂದಲ್ಲ. ಖುಲಾಸೆ ಆದೇಶದ ಪ್ರತಿ ಇಟ್ಟು ಪತ್ರಿಕೆಗೇ ಪತ್ರ ಬರೆದು, ಹಳೆಯ ಸುದ್ದಿಯ ಕೆಳಗೆ "ನಂತರ ಖುಲಾಸೆಯಾಗಿದೆ" ಎಂಬ ಸಾಲು ಸೇರಿಸಿ ಎಂದು ಕೇಳಿ. ಕೇಳಿದರೆ ಸೇರಿಸುವವರೂ ಇದ್ದಾರೆ.

ಸ್ಕ್ರೀನ್‌ಶಾಟ್ ಇದ್ದರೆ ಸಾಕಾ?

ಆರಂಭಕ್ಕೆ ಸಾಕು. ಕೋರ್ಟಿಗೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಬೇಕು. ಹಿಂದೆ 65ಬಿ ಎನ್ನುತ್ತಿದ್ದೆವಲ್ಲ, ಅದೇ. ಮೆಸೇಜ್ ಬಂದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ಗುಂಪಿನಿಂದ ಸಿಟ್ಟಾಗಿ ಹೊರಬರಬೇಡಿ. ಕಳಿಸಿದವರ ನಂಬರ್, ದಿನ, ಸಮಯ ಕಾಣುವಂತೆ ಉಳಿಸಿ, ಲಿಂಕ್ ಇದ್ದರೆ ಬರೆದಿಡಿ.

ದೂರಿನಲ್ಲಿ ಅವರು ಆಡಿದ ಮಾತೇ ಇರಬೇಕು, ಅದರ ಸಾರಾಂಶವಲ್ಲ. ವಾಯ್ಸ್ ಮೆಸೇಜ್ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಇದ್ದರೆ ಮೊದಲು ಆ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡದ ಅರ್ಥ ಕೊಡಿ. ಬೈಗುಳವನ್ನು ಮರ್ಯಾದೆಗೆ ಅಂಜಿ ನಯವಾಗಿ ಅನುವಾದಿಸಿದರೆ, ಎದುರಿನ ವಕೀಲರು "ಇದರಲ್ಲಿ ಮಾನಹಾನಿ ಎಲ್ಲಿದೆ ಸ್ವಾಮಿ?" ಎಂದು ಕೇಳುತ್ತಾರೆ.